ಗೋಲ್‌ಕೀಪರನ ಹಣೆಯ ಕುಂಕುಮ

ಬಿಬವೇವಾಡಿ, ಪುಣೆ
೧೮ ನವೆಂಬರ್ ೨೦೨೪

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ರೇಣು ಮಾಡುವ ನಮಸ್ಕಾರ. ಈ ಪತ್ರವನ್ನು ನರ್ಮದಾಳ ಕೈಯಲ್ಲಿ ಓದಿಸಬೇಡಿ. ಮಗಳ ಎದುರು ಸೊಸೆಯ ಮಾನ ಹೋಗುವುದು ಬೇಡ. ಕನ್ನಡಕ ಹಾಕಿಕೊಂಡು ನೀವೇ ಓದಿ. ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಖಂಡೇನವಮಿಯ ದಿನ ಇವರು ಕೂಡಿಟ್ಟ ಫುಟ್‌ಬಾಲ್ ಆಟಗಾರರ ಚಿತ್ರದ ಕಾರ್ಡಿಗೆ ಕುಂಕುಮ ಹಚ್ಚಿದವಳು ನಾನು.

ಸ್ಕೂಟರಿಗೆ, ಈಳಿಗೆಗೆ, ಹೊಲಿಗೆ ಯಂತ್ರಕ್ಕೆ ಹಚ್ಚಿ ಬಂದೆ. ಇವರ ಜೀವವೇ ಆ ಹಳೆಯ ಕಾರ್ಡುಗಳಲ್ಲಿದೆ, ಅವನ್ನು ಬಿಟ್ಟರೆ ಹೇಗೆ ಅನ್ನಿಸಿತು. ಪೆಟ್ಟಿಗೆಯಲ್ಲಿ ಮೇಲೇ ಇತ್ತು ಆ ವಿಲಾಯತಿ ಗೋಲ್‌ಕೀಪರನದು. ಐವತ್ತು ವರ್ಷದ ಕಾರ್ಡು. ಇಲ್ಲಿನ ಕ್ಯಾಂಪ್ ಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ದಿನ ಇವರು ಊಟ ಬಿಟ್ಟು ನೋಡುತ್ತ ಕೂತಿದ್ದು ನಿಮಗೆ ನೆನಪಿರಬೇಕು. ಮೂಲೆ ಮಡಚಿಲ್ಲ, ಒಂದು ಗೀರಿಲ್ಲ, ಕಾರ್ಡು ಪರೀಕ್ಷಿಸಿ ಅಂಕ ಕೊಡುವವರಿಗೆ ಕಳಿಸಿದರೆ ಹತ್ತಕ್ಕೆ ಒಂಬತ್ತು ಖಂಡಿತ ಎನ್ನುತ್ತಿದ್ದರು. ಅದಕ್ಕೆ ಹಾಕಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಹಚ್ಚಿದರೆ ಪೂಜೆ ಪ್ಲಾಸ್ಟಿಕ್ಕಿಗೆ ಹೋದೀತೆಂದು, ಜಾಣೆ ನಾನು, ಕಾರ್ಡನ್ನು ಹೊರಗೆ ತೆಗೆದು ಒದ್ದೆ ಬೆರಳಿನಿಂದ ಅವನ ಹಣೆಗೇ ಇಟ್ಟೆ.

ಇವರು ಬಂದು ನೋಡಿದಾಗ ನೀವು ಮಾವನವರ ಫೋಟೊಗೆ ಹೂ ಏರಿಸುತ್ತಿದ್ದಿರಿ. ನಾನು ಕಡಬು ತುಂಬುತ್ತಿದ್ದೆ. ನಿಮ್ಮದೇ ಕೆಲಸ ಎಂದುಕೊಂಡು, "ಅವ್ವಾ, ನನ್ನ ಸಾಮಾನ ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ನಿನಗ?" ಎಂದು ಕೂಗಾಡಿದರು. ನೀವು ನನ್ನ ಕಡೆ ಒಮ್ಮೆ ನೋಡಿದಿರಿ. ನಾನು ತಲೆ ಎತ್ತಲಿಲ್ಲ. "ತಪ್ಪಾತಪಾ ಮಾಂತು, ಹೋಗ್ಲಿ ಬಿಡು" ಎಂದಿರಿ.

ಮೂರನೇ ದಿನ ಬಾಗಲಕೋಟೆಯ ಬಸ್ಸು ಹತ್ತಿದಿರಿ. ಮಗಳನ್ನು ನೋಡಿ ಬರುತ್ತೇನೆ ಅಂದವರು, ತಿಂಗಳಾದರೂ ಬಂದಿಲ್ಲ. ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ. ಆಗಲೂ ನೀವು ನನ್ನ ಬೆನ್ನು ಸವರಿ ಹೋದಿರಿ. ಅದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಇವತ್ತು ಇವರು ಆಫೀಸಿನಿಂದ ಬಂದ ಕೂಡಲೇ ಎಲ್ಲ ಹೇಳುತ್ತೇನೆ. ಏನೇ ಆಗಲಿ, ನೀವು ಮನೆಗೆ ಬರಬೇಕು.

ನಿಮ್ಮ
ರೇಣು

ತಾ.ಕ.: ಹೇಳಿದೆ. ಬೈಯಲಿಲ್ಲ. ಕಾರ್ಡು ಕೈಗೆತ್ತಿಕೊಂಡು, "ಅಪ್ಪ ಹೋದಮ್ಯಾಲೆ ಅವ್ವ ಕುಂಕುಮದ ಬಟ್ಟಲ ಮುಟ್ಟೇ ಇಲ್ಲಲಾ ರೇಣು" ಎಂದರು. ಭೂತಗನ್ನಡಿ ಹಿಡಿದು ಗೀರು ಹುಡುಕುವ ಮನುಷ್ಯನಿಗೆ ಇದು ಈಗ ಹೊಳೆಯಿತು. ನಿಮ್ಮನ್ನು ಕರೆತರಲು ಬೆಳಿಗ್ಗೆ ಹೊರಡುತ್ತಾರೆ. ಪತ್ರ ಅಂಟಿಸಿ ಇವರ ಕೈಯಲ್ಲೇ ಕಳಿಸುತ್ತಿದ್ದೇನೆ. ಇವರಿಗೆ ಹೇಳದ್ದು ಒಂದಿದೆ, ನಿಮಗೆ ಹೇಳುತ್ತೇನೆ. ಆ ಬಟ್ಟಲಿನ ಮಾತು ನನಗೆ ಆವತ್ತೇ ಹೊಳೆದಿತ್ತು. ಇವರಿಗೂ ಹೊಳೆದುಬಿಟ್ಟೀತೆಂದು ಹೆದರಿಯೇ ನಾನು ಕಡಬಿನಿಂದ ತಲೆ ಎತ್ತಿರಲಿಲ್ಲ.