ಸದ್ದು ಮಾಡಿದವರ ಮುಖ

ಶನಿವಾರ, ೧೪ನೇ ತಾರೀಕು
ಶಾಲೆಯ ಸ್ಟಾಫ್ ರೂಮು, ಮಧ್ಯಾಹ್ನ

ತಮ್ಮಾ,

ಆಶೀರ್ವಾದಗಳನ್ನು ಮೊದಲೇ ಬರೆದುಬಿಡುತ್ತೇನೆ. ಕಾಗದದ ಕೊನೆಗೆ ಬರುವ ಹೊತ್ತಿಗೆ ಮನಸ್ಸು ಇರುತ್ತದೋ ಇಲ್ಲವೋ. ನೂರು ವರ್ಷ ಬಾಳು. ನಿನ್ನ ಭಾವನ ಮೊಣಕಾಲು ನೋವು ಹಾಗೆಯೇ ಇದೆ, ನನ್ನ ನಾಲಗೆಯೂ ಹಾಗೆಯೇ ಇದೆ. ನಿನ್ನ ಪತ್ರ, ಅದರ ಜೊತೆಗಿನ ಫಾರಂ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು. ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು, ಎರಡನೆಯದರಲ್ಲಿ ಬೈಗುಳ ಸಾಲದು ಅನ್ನಿಸಿತು. ಮೂರನೆಯದನ್ನು ಯಾಕೆ ಹರಿದೆ ಎಂದು ಆಮೇಲೆ ಹೇಳುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿನಗೆ ಫೋನ್ ಮಾಡುವುದೆಂದರೆ "ಒಂದ್ನಿಮಿಷ ಅಕ್ಕಾ, ಇನ್ನೊಂದು ಕಾಲ್ ಬರ್ತಿದೆ" ಅನ್ನಿಸಿಕೊಂಡು ಗೋಡೆ ನೋಡುತ್ತಾ ಕೂರುವುದು. ಕಾಗದದ ಮಧ್ಯೆ ಇನ್ನೊಂದು ಕಾಲ್ ಬರುವುದಿಲ್ಲ.

ಈಗ ಫಾರಂ ವಿಷಯ. ಟ್ರಸ್ಟಿನ ಐದೂ ಶಾಲೆಗೆ ನಿನ್ನ ಸಮಿತಿ ಆರಿಸಿದ ಆನ್‌ಲೈನ್ ಪಾಠದ ಆ್ಯಪ್ "ತೃಪ್ತಿಕರವಾಗಿದೆ, ಮುಂದಿನ ವರ್ಷಕ್ಕೂ ಇದೇ ಇರಲಿ" ಎಂದು ಮುಖ್ಯ ಶಿಕ್ಷಕಿಯಾದ ನಾನು ಸೋಮವಾರದೊಳಗೆ ಸಹಿ ಹಾಕಬೇಕು. ಉಳಿದ ನಾಲ್ವರು ಹಾಕಿಯಾಗಿದೆ. "ಸಮಿತಿ ಅಧ್ಯಕ್ಷನ ಸ್ವಂತ ಅಕ್ಕನೇ ಸಹಿ ಹಾಕ್ಲಿಲ್ಲ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?" ಎಂದು ಕೇಳಿದ್ದೀಯ. ಎಲ್ಲಿಡಬೇಕೆಂದು ಗೊತ್ತಿದೆ, ಹಿರಿಯಳು ಬರೆಯಬಾರದು ಅಂತ ಬಿಟ್ಟಿದ್ದೇನೆ.

ಆ ನಾಲ್ಕು ಶಾಲೆಯ ಮಕ್ಕಳಿಗೆ ಕಿವಿ ಕೇಳಿಸುತ್ತದೆ ಕಣೋ. ನನ್ನ ಒಂಬತ್ತು ಮಕ್ಕಳಿಗೆ ಕೇಳಿಸುವುದಿಲ್ಲ. ಅವರ ಮಾತೆಲ್ಲ ಕೈಯಲ್ಲಿ. ಹಾಸ್ಟೆಲ್ ಗೋಡೆ ಬಿರುಕು ಬಿಟ್ಟು, ಇಂಜಿನಿಯರು ಬೀಗ ಜಡಿದು, ಒಂಬತ್ತು ಮಕ್ಕಳೂ ಒಂಬತ್ತು ಊರಿಗೆ ಚದುರಿ ಏಳು ತಿಂಗಳಾಯಿತು. ಅವರಿಗೂ ನನಗೂ ಇರುವ ದಾರಿ ಆ ಫೋನಿನ ಪರದೆ ಒಂದೇ. ಈ ಮಾತನ್ನು ನಿನಗೆ ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು, ಯಾಕೆಂದರೆ ಆ ಒಂಬತ್ತರಲ್ಲಿ ಒಬ್ಬಳು ನಿನ್ನ ಮಗಳು.

ನಿಮ್ಮ ಆಯ್ಕೆಯ ದಿನ ನೆನಪಿದೆಯಾ? ಆರು ಜನ ಒಂದೇ ಮೇಜಿನ ಸುತ್ತ ಕೂತು, ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಫೋನ್ ಹಿಡಿದು "ಹಲೋ, ಕೇಳ್ತಿದೆಯಾ? ಕಾಣ್ತಿದ್ದೀನಾ?" ಎಂದು ಕಿರುಚಾಡಿದಿರಿ. ಯಾರು ಮಾತಾಡಿದರೋ ಅವರ ಮುಖ ಪರದೆ ತುಂಬಾ ಬಂತು, ಉಳಿದವರು ಮಾಯ. "ಅದೇ ಇದರ ಸ್ಪೆಷಾಲಿಟಿ ಸಾರ್" ಅಂದ ಟೈ ಕಟ್ಟಿಕೊಂಡ ಕಂಪನಿಯವನು. ನಾನು ಕೇಳಿದೆ, "ಮಾತಾಡದೆ ಇರೋರು?" ಅವನು, "ಮಾತಾಡದೆ ಇರೋರು ಯಾಕೆ ಕಾಣ್ಬೇಕು ಮೇಡಂ?" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ.

ನಾನು ತೋರಿಸಿದ್ದು ಇನ್ನೊಂದು ಆ್ಯಪ್. ಅದರಲ್ಲಿ ಬಣ್ಣವಿಲ್ಲ, ಬೆಡಗಿಲ್ಲ, ಒಂಬತ್ತು ಚೌಕದಲ್ಲಿ ಒಂಬತ್ತು ಜನ ಯಾವಾಗಲೂ ಒಟ್ಟಿಗೆ ಕಾಣುತ್ತಾರೆ, ಅಷ್ಟೆ. "ಇದೇನಕ್ಕಾ, ಮುಖಗಳು ಅಂಚೆಚೀಟಿ ಹಾಗಿವೆ" ಅಂದೆ ನೀನು. ನಾನು ನಾಲ್ಕು ಪುಟದ ವರದಿ ಕೊಟ್ಟೆ. "ಒಂದ್ನಿಮಿಷ, ಓದ್ತೀನಿ" ಅಂದೆ ನೀನು. ಹೊರಡುವಾಗ ನೋಡಿದರೆ ಅದು ಚಹಾ ಫ್ಲಾಸ್ಕಿನ ಕೆಳಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಂದೆ ಅಂದುಕೊಂಡೆ. ಕೋಣವಾದರೂ ಒಮ್ಮೆ ತಲೆಯೆತ್ತಿ ನೋಡುತ್ತಿತ್ತೇನೋ.

ಆಮೇಲಿನ ಕಥೆ ಕೇಳು. ನನ್ನ ಮಕ್ಕಳು ಕೈಯಾಡಿಸುತ್ತಾರೆ, ಕೈಗೆ ಸದ್ದಿಲ್ಲ, ಆ್ಯಪ್ ಅವರನ್ನು ತೋರಿಸುವುದಿಲ್ಲ. ಮೊದಲ ವಾರವಿಡೀ ನನ್ನ ಮುಖವನ್ನೇ ನಾನು ನೋಡುತ್ತಾ ಪಾಠ ಮಾಡಿದೆ. ಎರಡನೇ ವಾರ ಮಕ್ಕಳೇ ಉಪಾಯ ಕಂಡುಹಿಡಿದರು: ಮನೆಯವರು ಪಕ್ಕದಲ್ಲಿ ಕೂತು ಸದ್ದು ಮಾಡಬೇಕು, ಇವರು ಮಾತಾಡಬೇಕು. ಒಬ್ಬನ ಅಜ್ಜಿ ತಟ್ಟೆ ಬಡಿದಳು. ಕ್ಷೌರದಂಗಡಿಯವನು ಗಿರಾಕಿಯನ್ನು ಅರ್ಧಕ್ಕೆ ಕೂರಿಸಿ ಮಗಳ ಫೋನಿನ ಹತ್ತಿರ ಕತ್ತರಿ ಆಡಿಸಿದ. ಅಯ್ಯೋ, ಒಬ್ಬ ಹುಡುಗನ ಮನೆಯಲ್ಲಿ ನಾಯಿ ಇದೆ, ದಿನವಿಡೀ ಬೊಗಳುತ್ತದೆ. ಅದರಿಂದಾಗಿ ಅವನೇ ಕ್ಲಾಸ್ ಲೀಡರ್. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ, ನಿನ್ನ ಆ್ಯಪಿನಲ್ಲಿ ನಾಯಿ ಇದ್ದವನು ಬದುಕಿದ. ನಗಬೇಡ. ನಗುವ ಹಕ್ಕು ನಿನಗಿಲ್ಲ.

ನಿನ್ನ ಮನೆಯಲ್ಲಿ ಯಾರು ಸದ್ದು ಮಾಡಬೇಕಿತ್ತು? ನಿನ್ನ ಹೆಂಡತಿ ನರ್ಸು, ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋದರೆ ಬರುವುದು ಸಂಜೆಗೆ. ಅವಳು ಸನ್ನೆಭಾಷೆಯನ್ನು ನನಗಿಂತ ಚೆನ್ನಾಗಿ ಆಡುತ್ತಾಳೆ, ಅವಳ ಮೇಲೆ ನನ್ನ ದೂರಿಲ್ಲ. ಮನೆಯಲ್ಲಿರುವವನು ನೀನು, ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಪಾಪ, ಮಗು ಯಾರನ್ನೂ ಕಾಯಲಿಲ್ಲ. ಮರದ ಸ್ಕೇಲಿನಲ್ಲಿ ತಾನೇ ಮೇಜು ಕುಟ್ಟುವುದು, ಮುಖ ಬಂದ ತಕ್ಷಣ ಸ್ಕೇಲು ಬಿಟ್ಟು ಎರಡೇ ಎರಡು ಸನ್ನೆ ಮಾಡುವುದು, ಮತ್ತೆ ಕುಟ್ಟುವುದು. ಮೂರು ದಿನ ಹೀಗೆ ನಡೆಯಿತು. ನಾಲ್ಕನೇ ದಿನದಿಂದ ಅವಳು ಪರದೆಯ ಮೇಲಿಲ್ಲ. ನೀನೇ ಫೋನಿನಲ್ಲಿ ನಗುತ್ತಾ ಹೇಳಿದೆ: "ಕಾಲ್ ಮಧ್ಯೆ ಟಕಟಕ ಅಂತ ಒಂದೇ ಚೇಷ್ಟೆ ಅಕ್ಕಾ, ಸ್ಕೇಲು ಕಿತ್ತು ಬೀರು ಮೇಲಿಟ್ಟೆ." ಆ ಸ್ಕೇಲು ಅವಳ ಬಾಯಿ ಕಣೋ. ಹೆತ್ತ ಅಪ್ಪ ಮಗಳ ಬಾಯಿ ಕಿತ್ತು ಬೀರುವಿನ ಮೇಲಿಟ್ಟ.

ನಿನ್ನ ಆ್ಯಪ್ ತಿಂಗಳಿಗೊಂದು ವರದಿ ಕೊಡುತ್ತದಲ್ಲ, ಯಾರು ಎಷ್ಟು ಹೊತ್ತು "ಭಾಗವಹಿಸಿದರು" ಅಂತ? ಏಳು ತಿಂಗಳದ್ದನ್ನು ಇದರೊಳಗೆ ಇಟ್ಟಿದ್ದೇನೆ. ನಾಯಿಯ ಹುಡುಗ ಎಲ್ಲರಿಗಿಂತ ಮೇಲೆ. ಕಟ್ಟಕಡೆಯಲ್ಲಿ ನಿನ್ನ ಮಗಳು. ನಾಯಿಯ ಬೊಗಳಿಕೆಯನ್ನು ಮಾತೆಂದು ಎಣಿಸಿದ ಆ ದರಿದ್ರ ಆ್ಯಪ್, ಅವಳ ಮೂರು ದಿನದ ಕುಟ್ಟಾಟವನ್ನು ಮಾತ್ರ ಗಲಾಟೆ ಎಂದು ಲೆಕ್ಕದಿಂದ ತೆಗೆದಿದೆ. ಉಳಿದದ್ದು ಹನ್ನೊಂದು ಸೆಕೆಂಡು.

ಆ ಹನ್ನೊಂದು ಸೆಕೆಂಡು ಯಾವುದು ಗೊತ್ತಾ? ಹೋದ ತಿಂಗಳು "ನನ್ನ ಮನೆಯವರು" ಎಂಬ ಪಾಠ. ಎಲ್ಲ ಮಕ್ಕಳೂ ಮನೆಯವರ ಬಗ್ಗೆ ಹೇಳಬೇಕು. ಅವಳ ಸರದಿ ಮೂರು ವಾರದಿಂದ ಬಂದಿರಲೇ ಇಲ್ಲ. ಅವತ್ತು ನೀನು ಯಾರನ್ನೋ ಫೋನಿನಲ್ಲಿ ಬೈಯುತ್ತಾ ಅವಳ ಕೋಣೆಗೆ ನುಗ್ಗಿದೆ, ಏನೋ ಫೈಲು ಬೇಕಿತ್ತೆಂದು ಕಾಣುತ್ತದೆ. ನಿನ್ನ ಕೂಗಿಗೆ ಅವಳ ಮುಖ ನಮ್ಮೆಲ್ಲರ ಪರದೆ ತುಂಬಿತು. ತಾನು ಕಾಣುತ್ತಿದ್ದೇನೆಂದು ಗೊತ್ತಾದದ್ದೇ ತಡ, ಆ ಮಗು ಗಡಬಡಿಸಿ ಶುರು ಮಾಡಿತು: ಇದು ನಾನು, ಇದು ಅಮ್ಮ, ಇದು ಅತ್ತೆ. ಅಷ್ಟರಲ್ಲಿ ನಿನಗೆ ಫೈಲು ಸಿಕ್ಕಿತು, ನೀನು ಹೊರಟೆ. ಸದ್ದು ನಿಂತಿತು, ಅವಳು ಹೋದಳು. ಅವಳ ಜಾಗದಲ್ಲಿ ನಾಯಿ ಬಂತು.

ಈಗ ಮೂರನೇ ಕಾಗದ. ಅದನ್ನು ಹರಿದದ್ದು ನನ್ನ ಬಗ್ಗೆ ಒಂದು ಮಾತು ಬರೆಯಲಾರದೆ. ನಾಲ್ಕನೇ ದಿನ ಅವಳು ಮಾಯವಾದಾಗಲೇ ನನಗೆ ಕಾರಣ ಗೊತ್ತಿತ್ತು. ನಿನ್ನ ಹೆಂಡತಿಗೆ ಒಂದು ಮಾತು ಹೇಳಿದ್ದರೆ ಅವಳು ಪಕ್ಕದ ಮನೆಯವರನ್ನಾದರೂ ಕೂರಿಸುತ್ತಿದ್ದಳು. ನಾನು ಹೇಳಲಿಲ್ಲ. ಅಧ್ಯಕ್ಷರ ಮಗಳಿಗೇ ಸೊನ್ನೆ ಎಂದು ಆ ವರದಿಯನ್ನು ನಿನ್ನ ಸಮಿತಿಯ ಮುಂದೆ ಎಸೆಯಬೇಕು, ನಿನ್ನ ನಗು ಇಳಿಯಬೇಕು, ಅದಕ್ಕಾಗಿ ಕಾದೆ. ನಿನ್ನ ಮೇಲಿನ ಹಠಕ್ಕೆ ಮಗುವನ್ನು ಏಳು ತಿಂಗಳು ಕತ್ತಲಲ್ಲಿ ಕೂರಿಸಿದೆ. ನಿನ್ನನ್ನು ಬೈಯುವಷ್ಟೇ ನನ್ನನ್ನೂ ಬೈದುಕೊಂಡಿದ್ದೇನೆ, ಅದರಿಂದ ನಿನ್ನ ಪಾಲಿನದು ಕಡಿಮೆಯಾಗುವುದಿಲ್ಲ.

ಸಹಿ ಹಾಕಿಲ್ಲ. ಖಾಲಿ ಫಾರಂ ಇದರ ಜೊತೆಗಿದೆ, ಅದಕ್ಕೆ ಪಿನ್ನು ಚುಚ್ಚಿ ಆ ಹಳೆಯ ನಾಲ್ಕು ಪುಟಗಳನ್ನೂ ಇಟ್ಟಿದ್ದೇನೆ. ಅಂಚೆಗೆ ಹಾಕದೆ ಶಾಲೆಯ ಜವಾನನ ಕೈಲಿ ಕಳಿಸುತ್ತಿದ್ದೇನೆ, ನಾಳೆಯೇ ನಿನ್ನ ಕೈ ಸೇರುತ್ತದೆ. ಈ ಸಲ ಫ್ಲಾಸ್ಕು ದೂರ ಇಟ್ಟು ಓದು. ಸೋಮವಾರ ಹತ್ತಕ್ಕೆ ಕ್ಲಾಸಿದೆ. ಕಾಲ್ ಇದೆ ಅನ್ನಬೇಡ. ಬೀರು ಮೇಲಿನ ಸ್ಕೇಲು ಇಳಿಸಿ ಅವಳ ಪಕ್ಕದಲ್ಲಿ ಕೂತು ಮೇಜು ಕುಟ್ಟು. ಅವಳು "ಸಾಕು" ಅನ್ನುವವರೆಗೆ ಕುಟ್ಟು. ಆಮೇಲೂ ನಿನಗೆ ಆ ಆ್ಯಪ್ ತೃಪ್ತಿಕರ ಅನ್ನಿಸಿದರೆ ನನ್ನ ಸಹಿಯನ್ನು ನೀನೇ ಹಾಕಿಕೋ, ಚಿಕ್ಕವನಿದ್ದಾಗ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ಹಾಕುತ್ತಿದ್ದೆಯಲ್ಲ, ಕೈ ಪಳಗಿದೆ.

ಆಶೀರ್ವಾದ ಮತ್ತೊಮ್ಮೆ. ಮನಸ್ಸು ಇನ್ನೂ ಇದೆ, ನನಗೇ ಆಶ್ಚರ್ಯ. ನಾನು ಕೇಳಿದೆ ಅಂತ ಹೆಂಡತಿಗೆ ಹೇಳು, ಮಗುವಿನ ಕೆನ್ನೆಗೊಂದು ಮುತ್ತು ಕೊಡು. ಹೊಟ್ಟೆಗೆ ಸರಿಯಾಗಿ ತಿನ್ನು, ಹೋದ ಸಲ ನೋಡಿದಾಗ ಬಡಕಲಾಗಿದ್ದೆ.

ನಿನ್ನ,
ಅಕ್ಕ

ಮರೆತೆ: ಪತ್ರದ ಅಂಚಿನಲ್ಲಿ ಕೇಳಿದ್ದೆಯಲ್ಲ, "ಅವಳು ಎಲ್ಲರಿಗೂ ಕೈಯಲ್ಲೇ ಒಂದೊಂದು ಹೆಸರಿಟ್ಟಿದ್ದಾಳಂತೆ, ನನಗೇನಿಟ್ಟಿದ್ದಾಳೆ ಕೇಳಿ ಹೇಳಕ್ಕಾ" ಅಂತ. ಕೇಳಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ಒಬ್ಬೊಬ್ಬರು ಪದೇ ಪದೇ ಏನು ಮಾಡುತ್ತಾರೋ ಅದೇ ಅವರ ಸನ್ನೆ ಹೆಸರಾಗುತ್ತದೆ. ನನ್ನದು ಮೂಗಿನ ಮೇಲೆ ಕನ್ನಡಕ ತಳ್ಳುವುದು. ಅವಳಮ್ಮನದು ಮಣಿಕಟ್ಟಿನ ಮೇಲೆ ಎರಡು ಬೆರಳು, ನಾಡಿ ಹಿಡಿದ ಹಾಗೆ. ನಿನ್ನದು ಒಂದು ಕೈ ಕಿವಿಗೆ, ಇನ್ನೊಂದು ಕೈಯ ತೋರುಬೆರಳು ಮುಖದ ಮುಂದೆ, ಒಂದ್ನಿಮಿಷ ಅನ್ನುವ ಹಾಗೆ. ಕೋಪದಿಂದ ಇಟ್ಟದ್ದಲ್ಲ, ಮಕ್ಕಳು ಕಂಡದ್ದನ್ನು ಇಡುತ್ತಾರೆ. ಆ ಹನ್ನೊಂದು ಸೆಕೆಂಡಿನಲ್ಲಿ ಅವಳು ಕೊನೆಗೆ ಹೇಳಿದ್ದು ಅದನ್ನೇ. ನಗುತ್ತಾ ಬೆರಳೆತ್ತಿ "ಇವರು ನಮ್ಮಪ್ಪ" ಅಂದಳು. ಸರಿಯಾಗಿ ಆಗಲೇ ಅವಳ ಹಿಂದೆ ನೀನೂ ಫೋನು ಕಿವಿಗಿಟ್ಟು, ತಡಿ ಎಂದು ಅವಳತ್ತ ಬೆರಳೆತ್ತಿದೆ. ಪರದೆಯಲ್ಲಿ ಅವಳು ಅದನ್ನು ನೋಡಿದಳು. ಅವತ್ತು ಸಂಜೆ ನನಗೊಂದು ಮೆಸೇಜು ಬಂತು: "ಅತ್ತೆ, ನೋಡಿದ್ರಾ, ಅಪ್ಪನಿಗೆ ಅವರ ಹೆಸರು ಹೇಳೋಕೆ ಬರುತ್ತೆ."