ಅತ್ತೆಯ ಪದ, ನನ್ನ ರೆಕಾರ್ಡಿಂಗ್

ಮಾರ್ಚ್ 4, ಮಂಗಳವಾರ. ಸಂಜೆ 7

ಮತ್ತೆ ಅದೇ. ಕಂಪ್ಯೂಟರ್‌ನಲ್ಲಿ ಟೀವಿ ಚಾನೆಲ್ ಹುಡುಕಲು ಸ್ಕ್ಯಾನ್ ಕೊಟ್ಟೆ, ಸಿಕ್ಕಿದ್ದು ಸೊನ್ನೆ. ಹೋದ ವಾರದವರೆಗೂ ಚೆನ್ನಾಗಿ ಬರುತ್ತಿತ್ತು. ನಡುವೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಅಪ್‌ಡೇಟ್ ಮಾಡಿದೆ, ಅಷ್ಟೇ... ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಡಿಶ್ಶೇ ಅಲ್ಲಾಡಿರಬೇಕು.

ಟೀವಿ ಕೆಟ್ಟು ವರ್ಷವಾಯಿತು. ಹೊಸದು ಬೇಡ, ಕಂಪ್ಯೂಟರ್‌ಗೇ ಚಾನೆಲ್ ಹಿಡಿಯುವ ಟ್ಯೂನರ್ ಹಾಕುತ್ತೇನೆ ಅಂತ ಮೆರೆದವಳು ನಾನೇ. ಐಟಿಐನಲ್ಲಿ ಹುಡುಗರಿಗೆ ಲಿನಕ್ಸ್ ಕಲಿಸುತ್ತೇನಲ್ಲ, ಆ ಕೊಬ್ಬು.

ಭಾನುವಾರ ನಾಲ್ಕೂವರೆಗೆ ಟೀವಿಯಲ್ಲಿ ಅತ್ತೆಯ ಸೋಬಾನೆ ಪದ ಬರುತ್ತದೆ. ಒಂದೇ ಸಲ. ಪದಗಳನ್ನೆಲ್ಲ ಕಲಿಸಿದ್ದು ಅವರ ಅಕ್ಕ, ನಮ್ಮ ದೊಡ್ಡತ್ತೆ ಚಿಕ್ಕಲಕ್ಷ್ಮಮ್ಮ; ಕೋಡಿಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಾರೆ. "ನನ್ ಪದ ಕದ್ಕೊಂಡ್ ಟೀವೀಗೆ ಹೋದ್ಲು" ಅಂತ ತಂಗಿಯ ಜೊತೆ ಮಾತು ಬಿಟ್ಟಿದ್ದಾರೆ. ಅತ್ತೆ ಕ್ಯಾಮೆರಾ ಮುಂದೆ ಅಕ್ಕನ ಹೆಸರು ಹೇಳಿದ್ದಾರಂತೆ. ಅದನ್ನು ಅಕ್ಕನ ಕಿವಿಗೆ ಹಾಕಬೇಕು, ಅಷ್ಟೇ ಅವರ ಆಸೆ.

"ಹಿಡ್ದು ಮಡಗಿ ಕೊಡ್ತೀಯೇನವ್ವಾ ಪದ್ಮ?"

"ಅದೇನು ಮಹಾ, ಬಿಡಿ ಅತ್ತೆ" ಅಂದೆ.

ಮಾರ್ಚ್ 5, ಬುಧವಾರ

ಡಿಶ್ ಕೂರಿಸಿದ ರಸೂಲ್ ಪಕ್ಕದ ಮನೆಯವರೇ. ಬೆಳಗ್ಗೆ ಹಾಲಿನ ಅಂಗಡಿ ಮುಂದೆ ಸಿಕ್ಕರು. ನಾಲ್ಕು ಜನರ ಎದುರಿಗೇ ಅಂದುಬಿಟ್ಟೆ — ಅರ್ಧಂಬರ್ಧ ಕೆಲಸ ಮಾಡಿ ದುಡ್ಡು ತಗೊಂಡು ಹೋಗ್ತೀರಿ ಅಂತ.

ಅವರು ಸೀದಾ ನಮ್ಮ ಮನೆಗೆ ಬಂದರು. ಮಹಡಿ ಹತ್ತಿ ಮೀಟರ್ ಇಟ್ಟು ನೋಡಿದರು. "ಡಿಶ್ ಸರಿಗೈತೆ ಮೇಡಂ. ಸಿಗ್ನಲ್ ಕೆಳಗ್ಗಂಟ ಬತ್ತೈತೆ. ನಿಮ್ ಕಂಪ್ಯೂಟ್ರೇ ಒಸಿ ನೋಡ್ಕೊಳಿ."

ನನ್ನ ಕಂಪ್ಯೂಟರ್ ಬಗ್ಗೆ ನನಗೇ ಹೇಳುತ್ತಾರಲ್ಲ! ಉರಿದುಹೋಯಿತು. ಸಿಟ್ಟಿನಲ್ಲಿ ಇಡೀ ಸಿಸ್ಟಮ್ ಅಳಿಸಿ ಲಿನಕ್ಸ್ ಹೊಸದಾಗಿ ಹಾಕಿದೆ. ಚಾನೆಲ್ ಸೊನ್ನೆ.

ಮಾರ್ಚ್ 6, ಗುರುವಾರ. ಬೆಳಗ್ಗೆ 6.10

ಸಿಕ್ಕಿತು. ಕಂಪ್ಯೂಟರ್ ತನ್ನ ತೊಂದರೆ ತಾನೇ ಬರೆದಿಡುವ ಲಾಗ್‌ನಲ್ಲಿ ಒಂದೇ ಸಾಲು — ಟ್ಯೂನರ್ ನಡೆಸುವ ಫರ್ಮ್‌ವೇರ್ ಫೈಲ್ ಇಲ್ಲ. ಅಪ್‌ಡೇಟ್‌ನಲ್ಲೇ ಹೋಗಿರಬೇಕು, ಹೊಸದಾಗಿ ಹಾಕಿದ್ದರಲ್ಲೂ ಅದು ಬಂದಿಲ್ಲ. ಫೈಲ್ ಇಳಿಸಿ ಫೋಲ್ಡರ್‌ಗೆ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಎರಡೇ ನಿಮಿಷದಲ್ಲಿ ಎಲ್ಲ ಚಾನೆಲ್ಲೂ ಬಂತು.

"ಮೊದ್ಲು ಲಾಗ್ ಓದ್ರೋ" ಅಂತ ಹುಡುಗರಿಗೆ ದಿನಾ ಬೈಯುವುದು ಯಾರು? ಥೂ.

ರಸೂಲ್‌ಗೆ ಹೇಳಬೇಕು. ಸಂಜೆ ಹೋಗುತ್ತೇನೆ.

ಮಾರ್ಚ್ 9, ಭಾನುವಾರ. ರಾತ್ರಿ ಊಟಕ್ಕೆ ಮುಂಚೆ

ಹೋಗಲಿಲ್ಲ. ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ.

ಇವತ್ತು ಅತ್ತೆ ಬೆಳಗಿನಿಂದ ಒಂದೇ ಜಪ. "ನಾಕೂವರೆಗೆ ರಾವುಕಾಲ ಸುರುವಾಯ್ತದೆ. ಮುಂಚ್ಲೇ ಗುಂಡಿ ಒತ್ಬುಡು. ಆಮ್ಯಾಕೆ ಆರು ಗಂಟೆಗಂಟ ಅದ್ರ ತಂಟೆಗೋಗ್ಬ್ಯಾಡ." ನಗು ಬಂತು. ಆದರೂ ಮೂರು ಗಂಟೆಗೇ ಟೈಮರ್ ಇಟ್ಟೆ, 4.25ಕ್ಕೆ ರೆಕಾರ್ಡಿಂಗ್ ತಾನೇ ಶುರುವಾಗುವ ಹಾಗೆ. ಕೋಣೆಯ ಬಾಗಿಲು ಹಾಕಿಕೊಂಡು ಬಂದೆ.

ರಸೂಲ್ ಹೆಂಡತಿ ಅನೀಸಾ ಎಲ್ಲರನ್ನೂ ಕರೆದರು, ಅವರ ದೊಡ್ಡ ಟೀವಿಯಲ್ಲಿ ನೋಡೋಣ ಅಂತ. ಯಾವ ಮುಖ ಹೊತ್ತು ಹೋದೆನೋ! ರಸೂಲ್ ನನಗೇ ಕುರ್ಚಿ ಹಾಕಿದರು. ಗಂಡ ಹೆಂಡತಿ ಇಬ್ಬರೂ ರಂಜಾನ್ ಉಪವಾಸ. ನಮಗೆಲ್ಲ ಟೀ ಕೊಟ್ಟರು.

ಟೀವಿಯಲ್ಲಿ ಅತ್ತೆ ಹಾಡಿದರು. ಹಾಡಾದ ಮೇಲೆ ಅಕ್ಕನ ಹೆಸರು ಹೇಳಿದರು, ಊರು ಸಮೇತ. ಹೇಳಿ ಅತ್ತರು. ಇಲ್ಲಿ ಕೂತಿದ್ದ ಅತ್ತೆಯೂ ಅತ್ತರು.

ಆರಕ್ಕೆ ಕೋಣೆ ತೆಗೆದೆ. ಫೈಲ್ ಇಲ್ಲ. ಪರದೆ ಮೂಲೆಯಲ್ಲಿ ಗಡಿಯಾರ ಹನ್ನೆರಡೂವರೆ. ಹೊಸ ಸಿಸ್ಟಮ್‌ಗೆ ನಮ್ಮ ದೇಶದ ಟೈಮ್ ಕೊಟ್ಟೇ ಇಲ್ಲ ನಾನು. ಐದೂವರೆ ಗಂಟೆ ಹಿಂದೆ ಓಡುತ್ತಿದೆ, ಅದರ ಲೆಕ್ಕದಲ್ಲಿ ಕಾರ್ಯಕ್ರಮ ಇನ್ನೂ ಬಂದೇ ಇಲ್ಲ. ನಾಲ್ಕು ದಿನದಿಂದ ಕಣ್ಣಿಗೆ ಬೀಳುತ್ತಲೇ ಇತ್ತು. ಆಮೇಲೆ ಸರಿ ಮಾಡಿದರಾಯಿತು ಅಂತ ಬಿಟ್ಟಿದ್ದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಕರೆಂಟ್ ಹೋಗಿತ್ತು ಅತ್ತೆ" ಅಂದೆ.

ಬೀದಿಯಲ್ಲಿ ಯಾರ ಮನೆಯಲ್ಲೂ ಕರೆಂಟ್ ಹೋಗಿರಲಿಲ್ಲ. ಅವರು ನನ್ನ ಮುಖ ನೋಡಿದರು. "ಹ್ಞೂಂ, ಹೋಗಿದ್ದೀತು" ಅಂದರು.

ಮಾರ್ಚ್ 12, ಬುಧವಾರ

ಯೂಟ್ಯೂಬ್‌ನಲ್ಲಿ ಮೂರು ದಿನ ಹುಡುಕಿದೆ. ಇಲ್ಲ.

ಅತ್ತೆ ಎಲ್ಲರಿಗೂ ಕರೆಂಟ್ ಹೋಯ್ತು ಅಂತಲೇ ಹೇಳುತ್ತಿದ್ದಾರೆ. ಕೇಳಿಸಿಕೊಂಡು ಅನೀಸಾ ಓಡಿ ಬಂದರು. "ಪದ್ಮಕ್ಕ, ನನ್ ಫೋನಲ್ಲಿ ಒಸಿ ಐತೆ, ನೋಡಿ!"

ಭಾನುವಾರ ಅವರ ಟೀವಿ ಮುಂದೆ ಫೋನ್ ಹಿಡಿದು ತೆಗೆದ ನಲವತ್ತು ಸೆಕೆಂಡ್. ಪದದ ಕೊನೇ ಸಾಲು ಇದೆ. ಆಮೇಲೆ ಅತ್ತೆ: "ಈ ಪದ್ವ ನಂಗೆ ಕಲ್ಸ್ದೋಳು ನಮ್ಮ..." ಅಷ್ಟರಲ್ಲಿ ಅಡ್ಡ ಬಾಯಿ, ಜೋರಾಗಿ: "ಫೋನ್ ಇಳಿಸಿ ಅನೀಸಾ, ನಮ್ಮನೇಲಿ ನೀಟಾಗಿ ರೆಕಾರ್ಡ್ ಆಗ್ತಿದೆ." ಅಲ್ಲಿಗೆ ಮುಗಿಯಿತು.

ನನ್ನದೇ ದನಿ. ಭಾನುವಾರ ಇದನ್ನು ಬರೆದಿರಲಿಲ್ಲ. ಆಡಿದ್ದು ನೆನಪೇ ಇರಲಿಲ್ಲ... ಸುಳ್ಳು, ನೆನಪಿತ್ತು.

ಮಾರ್ಚ್ 15, ಶನಿವಾರ

ಕೋಡಿಹಳ್ಳಿಗೆ ಹೋಗಿ ಬಂದೆವು. ಬೇಡ ಅಂದರೂ ಅತ್ತೆ ಕೇಳಲಿಲ್ಲ. "ಅಷ್ಟಾದ್ರೂ ಕೇಳ್ಲಿ ಬಾ."

ದೊಡ್ಡತ್ತೆಯ ಕಿವಿಗೆ ಫೋನ್ ಹಿಡಿದೆ. ಪದ ಬಂದಾಗ ತುಟಿ ಅಲ್ಲಾಡಿತು. 'ನಮ್ಮ' ಅಂದ ಕೂಡಲೇ ನನ್ನ ದನಿ. ನಿಂತಿತು.

"ನಮ್ಮ ಯಾರು?" ಅಂದರು ದೊಡ್ಡತ್ತೆ.

"ನೀನೇ ಕಣಕ್ಕ! ನಿನ್ ಹೆಸ್ರೇ ಹೇಳ್ದೆ, ಕೆಂಗಲ್ ಹನುಮಪ್ಪನಾಣೆ."

"ಹೇಳಿದ್ರೆ ಇದ್ರೊಳ್ಗೆ ಇರ್ತಿರ್ಲಿಲ್ವಾ? ಮಧ್ಯದಲ್ಲಿ ಬಾಯಾಕ್ದೋಳು ಯಾರು ಅದು?"

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಯಾರೋ ಕಣಕ್ಕ, ಗೊತ್ತಿಲ್ಲ."

ದೊಡ್ಡತ್ತೆ ಗೋಡೆ ಕಡೆ ಮಗ್ಗುಲಾದರು. ನಾನು ಫೋನ್ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಒಂದು ಮಾತು, ಒಂದೇ ಮಾತು ಆಡಬಹುದಿತ್ತು.

ಬಸ್ಸಿನಲ್ಲಿ ನಮ್ಮ ಚನ್ನಪಟ್ಟಣ ಬರುವವರೆಗೂ ಅತ್ತೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಮಾರ್ಚ್ 16, ಭಾನುವಾರ

ಬೆಳಗ್ಗೆ ರಸೂಲ್ ಮನೆಗೆ ಹೋದೆ. ತಪ್ಪು ನಂದು, ಡಿಶ್ಶಿನದಲ್ಲ ಅಂದೆ. "ಅವತ್ತೇ ಗೊತ್ತಿತ್ತು ಮೇಡಂ" ಅಂದರು, ನಕ್ಕು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ನಾಳೆ ರಜೆ ಹಾಕಿದ್ದೇನೆ. ಕೋಡಿಹಳ್ಳಿಗೆ ಒಬ್ಬಳೇ. ಅಲ್ಲಿ ನಾಲಿಗೆ ತಡವರಿಸಬಾರದು ಅಂತ ಇಲ್ಲೇ ಬರೆದು ನೋಡುತ್ತೇನೆ —

ದೊಡ್ಡತ್ತೆ, ನಿಮ್ಮ ತಂಗಿ ನಿಮ್ಮ ಹೆಸರು ಹೇಳಿದರು. ನಾನೇ ಕೇಳಿದೆ. ಮಧ್ಯದಲ್ಲಿ ಬಾಯಿ ಹಾಕಿದವಳು...