ಅಮ್ಮ ಎತ್ತಿದ ಸೊಲ್ಲು

ಶಿವನಿ,
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಪರಮೇಶಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಅಮ್ಮ ಕಳಿಸಿದ ಉಣ್ಣೆ ಸಾಕ್ಸ್ ಹಾಕ್ಕೋತಿದ್ದೀಯೋ, ಇಲ್ಲ ಬ್ಯಾರಕ್ಕಿನಲ್ಲಿ ಯಾರಿಗೋ ದಾನ ಮಾಡಿದೆಯೋ? ನಾವೆಲ್ಲ ಚೆನ್ನಾಗಿದ್ದೀವಿ. ನಿನ್ನ ಕ್ಯಾಂಪಿನ ಸಿಗ್ನಲ್ ಅರ್ಧ ಮಾತಿಗೇ ಕೈ ಕೊಡುತ್ತದೆ. ಈ ಸುದ್ದಿಯನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಅದಕ್ಕೇ ಪತ್ರ.

ನಾನು ತರೀಕೆರೆಯ ಶಾಂಭವಿ ಮೇಡಂ ಹತ್ತಿರ ವೃಂದಗಾನಕ್ಕೆ ಹೋಗುವುದು ಗೊತ್ತಲ್ಲ. ಹದಿನಾರೇ ಜನ, ಮೈಕಿಲ್ಲ, ವಾದ್ಯವಿಲ್ಲ. ನಾಲ್ಕು ಗುಂಪು ಒಂದೇ ಹಾಡನ್ನು ನಾಲ್ಕು ದಾರಿಯಲ್ಲಿ ಹಾಡಿದರೂ ಕೊನೆಗೆ ಒಂದೇ ಮನೆ ಸೇರಬೇಕು. ಒಂದು ದಿನ ನನ್ನ ಜೊತೆ ಬಂದ ಅಮ್ಮ ಹಿಂದೆ ಕೂತು ಗುನುಗಿದ್ದು ಮೇಡಂ ಕಿವಿಗೆ ಬಿತ್ತು. ತಗ್ಗುದನಿಯ ಗುಂಪಿಗೆ ಇವರೇ ಬೇಕು ಅಂತ ಹಟ ಹಿಡಿದರು. ಅಮ್ಮ ಬಡಪೆಟ್ಟಿಗೆ ಒಪ್ಪಲಿಲ್ಲ. ಅಪ್ಪ ತೀರಿಕೊಂಡ ಮೇಲೆ ರಂಗಪ್ಪ ದೊಡ್ಡಪ್ಪ 'ಇನ್ಮೇಲೆ ಶುಭಕಾರ್ಯದಾಗೆ ತಿಮ್ಮಕ್ಕ ಮುಂದೆ ಕೂತು ಸೊಲ್ಲು ಎತ್ತೋದು ಬ್ಯಾಡ' ಅಂದದ್ದು ನೆನಪಿದೆಯಲ್ಲ? ಊರಿಗೆಲ್ಲ ಸೋಬಾನೆ ಹೇಳಿದ ಹೆಂಗಸು, ಅಂದಿನಿಂದ ಮದುವೆಮನೆಯಲ್ಲಿ ಒಲೆ ಮುಂದೆಯೇ. ಮುಂದಿನ ತಿಂಗಳು ನನ್ನ ಮದುವೆಯಲ್ಲೂ ಹಾಗೇ ಆಗುತ್ತದಲ್ಲ ಅನ್ನುವ ಕೊರಗು ನನಗೆ. ಅಂತೂ 'ಹಿಂದೆ ನಿಂತು ನಾಕ್ ಜನದ ಜೊತೆ ಅಂದ್ರೆ ಯಾರಿಗೇನು ತೊಂದ್ರೆ, ಬತ್ತೀನಿ ಬಿಡೇ' ಅಂದಳು.

ಮೊನ್ನೆ ಶುಕ್ರವಾರ ಅಜ್ಜಂಪುರದಲ್ಲಿ ನಮ್ಮ ಹಾಡಿನ ಕಚೇರಿ. ದೊಡ್ಡಪ್ಪ, ತಿಪ್ಪಮ್ಮ ದೊಡ್ಡಮ್ಮ ಮೊದಲ ಸಾಲಿನಲ್ಲೇ ಕೂತಿದ್ದರು. ಕೊನೆಯದು ಮೇಡಂ ತಾವೇ ಕಟ್ಟಿದ ಬಿತ್ತನೆ ಹಾಡು. ನಡುವೆ ಒಂದು ಕಡೆ ಮೇಡಂ ಕೈ ಮೇಲೆತ್ತುತ್ತಾರೆ, ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನೆ ಕಾಯಬೇಕು. ಪ್ರಾಕ್ಟೀಸಿನಲ್ಲಿ ಅಮ್ಮ ಸರಿಯಾಗಿಯೇ ಕಾಯುತ್ತಿದ್ದಳು. ಅವತ್ತು ಎದುರಿಗೆ ಊರ ಹೆಂಗಸರನ್ನೆಲ್ಲ ಕಂಡಳಲ್ಲ, ಹಳೇ ಅಭ್ಯಾಸ ಎದ್ದು ಬಂತು. ಸೋಬಾನೆ ನಡುವೆ ನಿಂತರೆ ಅಪಶಕುನ. ಹೇಳುವವಳ ಉಸಿರು ಕಟ್ಟಿದರೆ ಇನ್ನೊಬ್ಬಳು ಸೊಲ್ಲು ಎತ್ತಲೇಬೇಕು. ಎತ್ತಿದಳು ನೋಡು! ಅಷ್ಟು ಜನರ ಮೌನದಲ್ಲಿ ಒಬ್ಬಳೇ, ತುಂಬುದನಿಯಲ್ಲಿ ಮುಂದಿನ ಸಾಲು. ನಾನು ಮೇಡಂ ಮುಖ ನೋಡಿದೆ. ಅಷ್ಟರಲ್ಲಿ ಸಭೆಯಿಂದ ಯಾರೋ ಅದೇ ಸಾಲನ್ನು ತಿರುಗಿ ಹೇಳಿದರು. ಯಾರು ಗೊತ್ತಾ? ತಿಪ್ಪಮ್ಮ ದೊಡ್ಡಮ್ಮ! ಹಾಡು ಗೊತ್ತಿರಬೇಕೆಂದೇನಿಲ್ಲ, ಒಬ್ಬಳು ಎತ್ತಿದ್ದನ್ನು ಉಳಿದವರು ಹಿಡಿಯುವುದೇ ನಮ್ಮ ಪದ್ಧತಿಯಲ್ಲವೇ. ಅವಳ ಹಿಂದೆ ಹೆಂಗಸರೆಲ್ಲ ಹಿಡಿದರು. ಒಂದು ಗಳಿಗೆ ದಂಗಾದ ಮೇಡಂ ಸಭೆಯ ಕಡೆಗೇ ತಿರುಗಿ ಕೈ ಆಡಿಸತೊಡಗಿದರು. ದೊಡ್ಡಪ್ಪ ಮಾತ್ರ ಫ್ಯಾನು ನೋಡುತ್ತಾ ಕೂತಿದ್ದರು. ಮುಗಿದ ಮೇಲೆ ಅಮ್ಮ 'ತಪ್ಪಾಗೋಯ್ತು ಕಣವ್ವಾ' ಅಂತ ಮೇಡಂ ಕೈ ಹಿಡಿದರೆ, ಅವರು ಕಡೂರಿನ ಕಚೇರಿಗೂ ಇದೇ ತಪ್ಪು ಬೇಕು ಅಂದರು. ಅಣ್ಣಾ, ಇವಳು ನಮ್ಮಮ್ಮ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅಷ್ಟು ಹೆಮ್ಮೆಯಾಗಿತ್ತು ನನಗೆ.

ಅಮ್ಮನ ಆಶೀರ್ವಾದ ಇದರ ಜೊತೆಗೇ ಇದೆ. ನಿನ್ನ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಬಾಯಿಬಡುಕಿ ತಂಗಿ,
ಧನ್ಯಶ್ರೀ

ಮುಖ್ಯವಾದದ್ದೇ ಉಳಿಯಿತು: ನನ್ನ ಮದುವೆಗೆ ಸೋಬಾನೆ ಹೇಳಲು ಲಿಂಗದಹಳ್ಳಿಯವರನ್ನು ಕರೆಸೋಣ ಅಂತ ಇವತ್ತು ಬೆಳಿಗ್ಗೆ ದೊಡ್ಡಪ್ಪ ಬಂದಿದ್ದರು. ನಾನು ಅವರೆದುರಿಗೇ, ಸೋಬಾನೆ ಹೇಳುವವರನ್ನು ಕರೆಯುವ ವೀಳ್ಯವನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಸೊಲ್ಲು ಎತ್ತದೆ ಹಸೆಮಣೆ ಹತ್ತಲ್ಲ ಅಂದೆ. ದೊಡ್ಡಪ್ಪ ಎದ್ದು ಹೋದರು. ಅಮ್ಮ ವೀಳ್ಯ ವಾಪಸ್ ಕೊಟ್ಟಿಲ್ಲ, ಒಪ್ಪಿದೆ ಅಂತ ಸೆರಗಿಗೂ ಕಟ್ಟಿಕೊಂಡಿಲ್ಲ. ಅಂಗೈಯಲ್ಲಿ ಹಿಡಿದು 'ಪರಮೇಶ ಏನಂತಾನೋ' ಅಂತ ಕೂತಿದ್ದಾಳೆ. ಈಗ ಮನೆ ಯಜಮಾನ ನೀನು. ಸಿಗ್ನಲ್ ಸಿಗುವ ಕಡೆ ಹೋಗಿ ಅವಳಿಗೆ ಫೋನ್ ಮಾಡು.